ಹದಿನಾಲ್ಕು ಚೌಕ, ಒಂದು ಸಾಂತಣಿ

ನನ್ನ ಮೇಜಿನ ಮೇಲೆ ಒಂದು ತಗಡಿನ ತುಂಡು ಇದೆ. ಅಂಗೈಗಿಂತ ಚಿಕ್ಕದು. ಕೆಳಗೆ ಅಗಲ, ಮೇಲೆ ತುಸು ಕಿರಿದು. ನಾಲ್ಕೂ ಅಂಚು ಸವೆದು ನುಣುಪಾಗಿದೆ. ಆಫೀಸಿಗೆ ಹೊಸದಾಗಿ ಸೇರಿದವರೆಲ್ಲ ಅದನ್ನು ಒಮ್ಮೆ ಎತ್ತಿ ನೋಡುತ್ತಾರೆ. ಒಬ್ಬರು, ಇದು ಮೊಬೈಲ್ ಒರಗಿಸಿ ಇಡುವುದಕ್ಕಾ ಎಂದು ಕೇಳಿದರು. ಇನ್ನೊಬ್ಬರು ಕೇಳುವ ಗೋಜಿಗೇ ಹೋಗದೆ ಬೆನ್ನು ತುರಿಸಿಕೊಂಡರು. ಕಳೆದ ವಾರ ಒಬ್ಬಳು, ದೋಸೆಕಾವಲಿ ಕೆರೆಯಲಿಕ್ಕೆ ಚೆನ್ನಾಗಿದೆ ಮೇಡಂ ಎಂದು ಬ್ಯಾಗಿಗೆ ಹಾಕಿಕೊಳ್ಳಲು ನೋಡಿದಾಗ ಮಾತ್ರ ನನ್ನ ಪಿತ್ತ ನೆತ್ತಿಗೇರಿತು. "ಇಡಮ್ಮಾ ಅಲ್ಲಿ" ಎಂದೆ. ಇಟ್ಟಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದರ ಕತೆ ಹೇಳದೆ ಅವಳನ್ನು ಊಟಕ್ಕೆ ಬಿಡಲು ನನ್ನಿಂದಾಗಲಿಲ್ಲ. ಅವಳ ಊಟ ತಣ್ಣಗಾಯಿತು. ಈಗ ನಿಮ್ಮ ಸರದಿ.

ಅದು ಬೀಡಿ ಎಲೆ ಕತ್ತರಿಸುವ ಅಳತೆಯ ತಗಡು. ಎಲೆಯ ಮೇಲೆ ಅದನ್ನು ಒತ್ತಿ ಹಿಡಿದು ಸುತ್ತ ಕತ್ತರಿ ಆಡಿಸಿದರೆ ಒಂದು ಬೀಡಿಯ ಎಲೆ ಸಿದ್ಧ. ಇನ್ನಂಜೆಯಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ಅಮ್ಮ ಕಾಲು ಚಾಚಿ, ತೊಡೆಯ ಮೇಲೆ ತಡ್ಪೆ ಇಟ್ಟುಕೊಂಡು ಕುಳಿತರೆಂದರೆ ಸಂಜೆಯವರೆಗೂ ಕೈ ನಿಲ್ಲುತ್ತಿರಲಿಲ್ಲ. ತಡ್ಪೆ ಎಂದರೆ ಗೆರಸೆ. ನಮ್ಮಲ್ಲಿ ಅದು ಅಕ್ಕಿ ಕೇರಿದ್ದಕ್ಕಿಂತ ಬೀಡಿ ಹೊತ್ತದ್ದೇ ಹೆಚ್ಚು. ಅಪ್ಪ ಮುಂಬೈಯ ಹೋಟೆಲೊಂದರಲ್ಲಿದ್ದರು, ವರ್ಷಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ನಾವಿಬ್ಬರೇ. ಅಮ್ಮನಿಗೆ ಕೈ, ನನಗೆ ಬಾಯಿ.

ಬಾಯಿ ಎಂದದ್ದು ಸುಮ್ಮನೆ ಅಲ್ಲ. ನಮ್ಮಲ್ಲಿ ಟೀವಿ ಇರಲಿಲ್ಲ. ಪಕ್ಕದ ಮನೆಯಲ್ಲಿತ್ತು. ಆ ಮನೆಯ ಕಿಟಕಿಯ ಸರಳು ಹಿಡಿದು ನಾನು ಧಾರಾವಾಹಿ ನೋಡುತ್ತಿದ್ದೆ. ಒಳಗೆ ಬಂದು ಕುಳಿತುಕೋ ಎಂದು ಅವರು ಎಷ್ಟು ಕರೆದರೂ ಹೋಗುತ್ತಿರಲಿಲ್ಲ, ಏಕೆಂದರೆ ಒಳಗೆ ಹೋದರೆ ಮಾತಾಡಬಾರದು. ನೋಡಿ ಮುಗಿಸಿ ಓಡಿ ಬಂದು ಅಮ್ಮನ ಎದುರು ಕುಳಿತು ಇಡೀ ಕಂತನ್ನು ಹೇಳುತ್ತಿದ್ದೆ: ಅತ್ತೆಯ ಧ್ವನಿಯಲ್ಲಿ, ಸೊಸೆಯ ಧ್ವನಿಯಲ್ಲಿ, ನಡುವೆ ಸಾಬೂನಿನ ಜಾಹೀರಾತನ್ನೂ ಬಿಡದೆ. ಅಮ್ಮ ತಲೆ ಎತ್ತದೆ "ಹೂಂ, ಮತ್ತೆ?" ಎನ್ನುತ್ತಿದ್ದರು. ಕತೆ ಹೇಳಿದ ದಿನ ಎಲೆ ಕತ್ತರಿಸುವ ಕೆಲಸದಿಂದ ನನಗೆ ಮಾಫಿ. ಹಾಗಾಗಿ ಕಂತು ಇಲ್ಲದ ದಿನವೂ ನಾನೇ ಒಂದು ಹೊಸೆದು ಹೇಳುತ್ತಿದ್ದೆ. ಆ ಧಾರಾವಾಹಿಯ ಎಷ್ಟೋ ಪಾತ್ರಗಳು ನಮ್ಮ ಜಗಲಿಯಲ್ಲಿ ಮಾತ್ರ ಸತ್ತು ಹೋದವು.

ಇಂಥವಳು ಹೊಸ ಶತಮಾನ ಶುರುವಾದ ಒಂದೆರಡು ವರ್ಷಕ್ಕೆ ಮಣಿಪಾಲದ ಒಂದು ಕಟ್ಟಡದ ಮೇಲ್ಮಹಡಿಯಲ್ಲಿ ಮಲ್ಟಿಮೀಡಿಯಾ ಕೋರ್ಸಿಗೆ ಸೇರಿದೆ. ಇನ್ನಂಜೆಯಿಂದ ಒಂದು ಬಸ್ಸು, ಉಡುಪಿಯಲ್ಲಿ ಇಳಿದು ಇನ್ನೊಂದು. ಮೊದಲ ಬಸ್ಸಿನಲ್ಲಿ ಮಲ್ಲಿಗೆಯ ಬುಟ್ಟಿಗಳ ನಡುವೆ ನಿಂತು, ಎರಡನೆಯದರಲ್ಲಿ ಹಿಂದಿ, ಇಂಗ್ಲಿಷು, ಮಲಯಾಳಗಳ ನಡುವೆ ನಿಂತು ಹೋಗುತ್ತಿದ್ದೆ. ಕೋರ್ಸಿಗೆ ಸೇರುವ ಮುಂಚೆಯೇ "ನಾನು ಸಿನಿಮಾ ಮಾಡುವುದು ಕಲಿಯುತ್ತೇನೆ" ಎಂದು ಇನ್ನಂಜೆಯಲ್ಲಿ ಸಾರಿ ಮುಗಿಸಿದ್ದೆ. ಹಾಲಿನ ಡೈರಿಯವರೆಗೂ ಸುದ್ದಿ ಮುಟ್ಟಿತ್ತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಲ್ಲಿ ಸ್ಟೋರಿಬೋರ್ಡ್ ಕಲಿಸುತ್ತಿದ್ದವರು ಹಿರೇಮಠ ಸರ್. ಧಾರವಾಡದ ಕಡೆಯವರು, ನಮ್ಮ ಕಡಲತಡಿಯಲ್ಲಿ ಹತ್ತು ವರ್ಷ ಇದ್ದರೂ ಭಾಷೆಯನ್ನು ಒಂದಿಷ್ಟೂ ಒದ್ದೆ ಮಾಡಿಕೊಳ್ಳದವರು. ಸ್ಟೋರಿಬೋರ್ಡ್ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಒಂದು ಮಾತು: ಜಾಹೀರಾತೋ, ಕಾರ್ಟೂನೋ, ಕಿರುಚಿತ್ರವೋ, ಚಲಿಸುವ ಏನನ್ನೇ ಮಾಡುವ ಮೊದಲು ಅದನ್ನು ಕಾಗದದ ಮೇಲೆ ಚೌಕ ಚೌಕವಾಗಿ ಬರೆದುಕೊಳ್ಳಬೇಕು. ಯಾರು ಯಾವ ಕಡೆಯಿಂದ ಬರುತ್ತಾರೆ, ಕ್ಯಾಮೆರಾ ಹತ್ತಿರವೋ ದೂರವೋ, ಎಷ್ಟು ಸೆಕೆಂಡು, ಏನು ಶಬ್ದ, ಎಲ್ಲವೂ ಅದರಲ್ಲಿರಬೇಕು. ಬರೆದವಳು ಜ್ವರ ಬಂದು ಮಲಗಿದರೂ ಉಳಿದವರು ಆ ಕಾಗದ ನೋಡಿ ಚಿತ್ರ ಮಾಡುವಂತಿರಬೇಕು.

ಮೊದಲ ದಿನವೇ ಸರ್ ಎರಡು ಕಟ್ಟಳೆ ಹೇಳಿದರು. "ಒಂದು, ಬೋರ್ಡ್ ಮಾತಾಡಬೇಕು, ನೀವು ಮಾತಾಡಬಾರದು. ಎರಡು, ಮಂದಿ ತಲ್ಯಾಗಿಂದು ಎತ್ಕೊಂಡು ಬಂದು ನಂದು ಅಂದ್ರ, ಅವತ್ತ ಡಿಟಿಪಿಗೆ ಕಳಸ್ತೀನಿ."

ಡಿಟಿಪಿ ಎಂದರೆ ಪಕ್ಕದ ಕೋಣೆ. ಅಲ್ಲಿ ಹತ್ತು ಕಂಪ್ಯೂಟರಿನ ಎದುರು ಹತ್ತು ಮಂದಿ ಕುಳಿತು ಮದುವೆ ಕಾಗದ ಟೈಪ್ ಮಾಡುವುದನ್ನು ಕಲಿಯುತ್ತಿದ್ದರು. ಕೆಟ್ಟ ಕೆಲಸವೇನಲ್ಲ. ಆದರೆ ಸಿನಿಮಾ ಎಂದು ಡೈರಿಯವರೆಗೂ ಹೇಳಿದವಳು ಕೊನೆಗೆ ಡೈರಿಯವರ ಮಗಳ ಮದುವೆ ಕಾಗದಕ್ಕೆ ಮೂಲೆಯಲ್ಲಿ ಗಣಪತಿ ಕೂರಿಸುವುದೆಂದರೆ! ಎರಡನೇ ವಾರದಲ್ಲೇ ಒಬ್ಬ ಇಂಗ್ಲಿಷ್ ಕಾರ್ಟೂನಿನಿಂದ ಇಡೀ ಬೋರ್ಡ್ ಎತ್ತಿ ತಂದ. ಸರ್ ನಗುತ್ತಲೇ ಅವನ ಕುರ್ಚಿಯನ್ನು ತಾವೇ ಎತ್ತಿ ಪಕ್ಕದ ಕೋಣೆಯಲ್ಲಿಟ್ಟು ಬಂದರು. ಆ ಖಾಲಿ ಜಾಗ ನೋಡಿದಾಗಲೆಲ್ಲ ನಾನು ನನ್ನ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತಿದ್ದೆ.

ನನ್ನ ಚಿತ್ರಕಲೆಯ ಬಗ್ಗೆ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಬರೆದ ದನವನ್ನು ಜನ ಮೇಜು ಎಂದುಕೊಳ್ಳುತ್ತಿದ್ದರು. ಮನುಷ್ಯರ ಮುಖವಂತೂ ಕೈಗೆ ಹತ್ತುತ್ತಲೇ ಇರಲಿಲ್ಲ. ಚೆನ್ನಾಗಿ ಬರುತ್ತಿದ್ದದ್ದು ಒಂದೇ, ಮೀಸೆ. ಹಾಗಾಗಿ ನನ್ನ ಕತೆಗಳಲ್ಲೆಲ್ಲ ಮೀಸೆಯವರೇ ನಾಯಕರು. ಪಕ್ಕದಲ್ಲಿ ಕಾರ್ಕಳದ ಅನಿತಾ ಕೂರುತ್ತಿದ್ದಳು. ಅವಳು ಬಸ್ಸು ಬರೆದರೆ ಹತ್ತಿ ಕುಳಿತುಕೊಳ್ಳಬೇಕು ಅನ್ನಿಸುತ್ತಿತ್ತು. ನನ್ನ ಮೊದಲ ಬೋರ್ಡಿನಲ್ಲೂ ಬಸ್ಸೇ ಇತ್ತು: ಒಬ್ಬ ಬಸ್ಸಿನ ಹಿಂದೆ ಓಡಿ, ಬಸ್ಸು ತಪ್ಪಿ ನಿಲ್ಲುತ್ತಾನೆ. ಒಂದು ಚೌಕದಲ್ಲಿ ಬಸ್ಸು ಬಲಕ್ಕೆ ಹೋಗುತ್ತಿತ್ತು, ಮುಂದಿನದರಲ್ಲಿ ಎಡಕ್ಕೆ.

"ಯಾಕ ತಂಗಿ, ಕಂಡಕ್ಟರ್‌ಗೆ ಕನಿಕರ ಬಂತೇನು? ಬಸ್ಸು ಹೊಳ್ಳಿ ಬರಾಕತ್ತೈತಿ" ಎಂದರು ಸರ್.

"ಅದು ಹಾಗಲ್ಲ ಸರ್, ಇಲ್ಲಿ ನಾವು ರಸ್ತೆಯ ಆಚೆ ಬದಿಗೆ ಹೋಗಿದ್ದೇವೆ, ಅವನು ಈಚೆ ಬದಿಯಲ್ಲಿ ಇದ್ದಾನೆ, ಅವನ ಚಪ್ಪಲಿ ಅಲ್ಲಿ ಬಿದ್ದು ಹೋಗಿತ್ತಲ್ಲ, ಅದನ್ನು ಹೆಕ್ಕಲಿಕ್ಕೆ…"

"ಚಪ್ಪಲಿ ಎಲ್ಲೈತಿ?"

"ಬರೆಯಲಿಲ್ಲ ಸರ್. ಆದರೆ ಉಂಟು."

ಕ್ಲಾಸು ನಕ್ಕಿತು. ನಾನೂ ನಕ್ಕೆ. ಮೊದಲ ಬೋರ್ಡ್ ಹಾಗೆ ಹೋಯಿತು.

ಎರಡನೆಯದಕ್ಕೆ ಬೀಡಿಯ ತಗಡು ಬಂತು. ಸ್ಕೇಲು ಇಟ್ಟು ಚೌಕ ಎಳೆದರೆ ನನ್ನ ಗೆರೆಗಳು ಒಂದು ಕಡೆ ಹತ್ತಿರ, ಒಂದು ಕಡೆ ದೂರ. ಅಮ್ಮನ ತಗಡು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದರೆ ಎಲ್ಲವೂ ಒಂದೇ ಸಮ! ಕಾಗದವೂ ಮನೆಯದ್ದೇ, ಗೋಡೆ ಕ್ಯಾಲೆಂಡರಿನ ಹಳೆಯ ಹಾಳೆಯ ಬೆನ್ನು. ಅಡ್ಡಕ್ಕೆ ಏಳು ಸಲ ತಗಡು ಇಡಲು ಜಾಗವಾಗುತ್ತಿತ್ತು, ಎರಡು ಸಾಲು. ಹದಿನಾಲ್ಕು ಚೌಕ. ಹಿಂದಿನಿಂದ ಏಕಾದಶಿ, ಸಂಕಷ್ಟಿಗಳು ಮಸುಕಾಗಿ ಕಾಣುತ್ತಿದ್ದವು.

ಆ ಸಲ ಕಾಪುವಿನ ದೀಪಸ್ತಂಭದ ಮೇಲೆ ಒಂದು ಕತೆ ಮಾಡಿದ್ದೆ. ತಗಡು ಮೇಲ್ಗಡೆ ಕಿರಿದಲ್ಲವೇ, ಅದರೊಳಗೆ ದೀಪಸ್ತಂಭ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ಖುಷಿಯಲ್ಲಿ ಹದಿನಾಲ್ಕೂ ಚೌಕದಲ್ಲಿ ದೀಪಸ್ತಂಭವನ್ನೇ ಬರೆದೆ. ಕತೆಯವರು ಅದರ ಬುಡದಲ್ಲಿ ಇರುವೆಯ ಗಾತ್ರಕ್ಕಿದ್ದರು. ಸರ್ ಕನ್ನಡಕ ಹಣೆಗೇರಿಸಿ, ಸ್ಕೇಲು ತೆಗೆದು ಚೌಕ ಅಳೆದರು. ಆ ಕಾಲದ ಟೀವಿ ಅಡ್ಡಕ್ಕೆ ನಾಲ್ಕು ಪಾಲಾದರೆ ಎತ್ತರಕ್ಕೆ ಮೂರು. ಬೋರ್ಡಿನ ಚೌಕವೂ ಹಾಗೇ ಇರಬೇಕು.

"ಮ್ಯಾಲ ಸಣ್ಣದು, ಕೆಳಗ ದೊಡ್ಡದು. ಇದ್ಯಾವ ಊರಿನ ಟೀವಿ?"

ಅನಿತಾಗೂ, ದೆಹಲಿಯಿಂದಲೋ ಕೊಚ್ಚಿಯಿಂದಲೋ ಬಂದ ಉಳಿದವರಿಗೂ ಕೇಳುವಂತೆ ಬೀಡಿಯ ತಗಡು ಎನ್ನಲು ನಾಚಿಕೆಯಾಯಿತು. "ಅದು ನನ್ನ ಶೈಲಿ ಸರ್" ಎಂದೆ. ಅಲ್ಲಿಗೂ ನಿಲ್ಲಿಸದೆ ಶೈಲಿಯ ಬಗ್ಗೆ ಐದು ನಿಮಿಷ ಮಾತಾಡಿದೆ. ಏನು ಹೇಳಿದೆನೋ ನನಗೇ ಗೊತ್ತಿಲ್ಲ. ಸರ್ ಪೂರ್ತಿ ಕೇಳಿಸಿಕೊಂಡರು.

"ನಿನ್ನ ಬೋರ್ಡ್ ಮೂಕ, ನೀ ವಾಚಾಳಿ" ಎಂದರು ಕೊನೆಗೆ. "ನೋಡ ತಂಗಿ, ಊರಿನ ಕೇಬಲ್ ಚಾನೆಲ್‌ಗೆ ಒಂದು ನಿಮಿಷದ ಚಿತ್ರ ಮಾಡಿಕೊಡೋದೈತಿ. ಸೊಳ್ಳಿ, ಮಲೇರಿಯಾ. ಎಲ್ಲಾರೂ ಬೋರ್ಡ್ ಮಾಡ್ರಿ, ಚಲೋ ಇದ್ದದ್ದು ಚಿತ್ರ ಆಗ್ತದ. ನಿನಗ ಮಾತ್ರ ಇನ್ನೊಂದು ಪರೀಕ್ಷಾ. ಓದಾಕ ಬರೀಲಾಕ ಬರದವರಿಗೆ ನಿನ್ನ ಬೋರ್ಡ್ ತೋರಸು. ನೀ ಪಿಟ್ ಅನ್ನಂಗಿಲ್ಲ. ಅವರಿಗೆ ತಿಳಿದ್ರ ಬಾ. ತಿಳೀಲಿಲ್ಲ ಅಂದ್ರ…" ಎಂದು ಪಕ್ಕದ ಕೋಣೆಯ ಕಡೆ ಕಣ್ಣು ಹಾಯಿಸಿದರು.

ಬಸ್ಸಿನಲ್ಲಿ ಅಳು ಬಂತು. ಸುಳ್ಳು ಯಾಕೆ? ಮಲ್ಲಿಗೆಯ ಖಾಲಿ ಬುಟ್ಟಿಯ ಪಕ್ಕ ಕುಳಿತು ಉದ್ಯಾವರದವರೆಗೂ ಅತ್ತೆ. ನನಗೆ ಬರುತ್ತಿದ್ದದ್ದು ಕತೆ ಹೇಳುವುದೊಂದೇ. ಅದನ್ನೂ ಬಾಯಿ ಮುಚ್ಚಿಕೊಂಡು ಹೇಳು ಎಂದರೆ ಎಲ್ಲಿಗೆ ಹೋಗಲಿ? ಕೋರ್ಸು ಬಿಡುವುದೆಂದರೆ ಬರೀ ಮಾನದ ಪ್ರಶ್ನೆಯೂ ಆಗಿರಲಿಲ್ಲ. ಕಿಟಕಿಯ ಸರಳಿನ ಆಚೆ ನೋಡುತ್ತಿದ್ದುದನ್ನು ಈಚೆ ನಾನೇ ಮಾಡಬಹುದು ಎಂದು ಗೊತ್ತಾದ ಮೇಲೆ ಬೇರೆ ಯಾವುದೂ ಬೇಡವಾಗಿತ್ತು.

ಓದಲು ಬಾರದವರನ್ನು ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ಜಗಲಿಯಲ್ಲೇ ಇದ್ದರು. ಅಮ್ಮ ಶಾಲೆಯ ಮೆಟ್ಟಿಲು ಹತ್ತಿದ್ದು ನನ್ನನ್ನು ಒಂದನೇ ಕ್ಲಾಸಿಗೆ ಬಿಡಲು.

ಮತ್ತೆ ಅದೇ ತಗಡಿಟ್ಟು ಮೂರು ದಿನ ಕುಳಿತು ಬರೆದೆ. ಮೇಲಿನ ಸಾಲಿನಲ್ಲಿ ಎಡದಿಂದ ಶುರು: ಒಬ್ಬ ಮೀಸೆಯವನು ಅಂಗಳದಲ್ಲಿ ನಿಂತು ಬೊಂಡದ ನೀರು ಕುಡಿಯುತ್ತಾನೆ. ಬೊಂಡ ಎಂದರೆ ಎಳನೀರು. ಖಾಲಿ ಬೊಂಡವನ್ನು ಹಿತ್ತಿಲಿಗೆ ಎಸೆಯುತ್ತಾನೆ. ಮೋಡ. ಮಳೆ. ಬೊಂಡದೊಳಗೆ ನಿಂತ ನೀರಿನಲ್ಲಿ ಹುಳು. ಹುಳು ಸೊಳ್ಳೆಯಾಗುತ್ತದೆ. ಸೊಳ್ಳೆ ಕಿಟಕಿಯಿಂದ ಒಳಗೆ ಬರುತ್ತದೆ. ಅಲ್ಲಿಗೆ ಏಳು. ಕೆಳಗಿನ ಸಾಲು: ಮಲಗಿದವನ ಮೂಗಿನ ಮೇಲೆ ಸೊಳ್ಳೆ. ತುರಿಕೆ. ಕಂಬಳಿಯೊಳಗೆ ನಡುಕ. ಹೆಂಡತಿ ಹಣೆ ಮುಟ್ಟಿ ನೋಡುವುದು. ರಿಕ್ಷಾ. ಡಾಕ್ಟರ ಸೂಜಿ. ಕೊನೆಗೆ ಮೀಸೆಯವನು ಮಂಚದಲ್ಲಿ ಮಾತ್ರೆ ಹಿಡಿದುಕೊಂಡು ಪೆಚ್ಚಾಗಿ ಕುಳಿತಿದ್ದಾನೆ. ಬಸ್ಸಿನ ಪಾಠ ನೆನಪಿತ್ತು. ಸೊಳ್ಳೆ ಯಾವ ಕಡೆಯಿಂದ ಹೊರಟಿತೋ ಅದೇ ಕಡೆಯಿಂದ ಒಳಬಂದಿತು. ಚಪ್ಪಲಿಯ ಪಾಠವೂ ನೆನಪಿತ್ತು. ನನ್ನ ಬಾಯಲ್ಲಿದ್ದದ್ದನ್ನೆಲ್ಲ ಚೌಕದೊಳಗೆ ಹಾಕಿದೆ. ಒಂದನ್ನು ಮಾತ್ರ ಮರೆತೆ. ಚೌಕಗಳಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಹಾಕಲೇ ಇಲ್ಲ.

ಆಗ ಆಟಿ ತಿಂಗಳು. ನಮ್ಮ ಕಡೆ ಆಟಿಯೆಂದರೆ ಮಳೆ ಕಟ್ಟಿಹಾಕಿದ ತಿಂಗಳು, ಚೆನ್ನೆ ಆಡುವ ತಿಂಗಳು. ಚೆನ್ನೆಮಣೆ ನೀವು ನೋಡಿರಬಹುದು: ಮರದ ಹಲಗೆ, ಏಳೇಳು ಗುಳಿಯ ಎರಡು ಸಾಲು. ಎದುರುಬದುರು ಕುಳಿತ ಇಬ್ಬರಲ್ಲಿ ತಂತಮ್ಮ ಹತ್ತಿರದ ಸಾಲು ತಂತಮ್ಮದು. ತನ್ನ ಸಾಲಿನಲ್ಲಿ ಎಡದಿಂದ ಬಲಕ್ಕೆ ಕಾಯಿ ಹಾಕುತ್ತಾ ಹೋಗಿ, ತುದಿಗೆ ಬಂದಾಗ ಎದುರಿನ ಸಾಲಿಗೆ ಹತ್ತಿ, ಅಲ್ಲಿ ಬಲದಿಂದ ಎಡಕ್ಕೆ ತಿರುಗಿ ಬರಬೇಕು. ಆಟಿ ಮುಗಿದ ಮೇಲೆ ಮಣೆ ಅಟ್ಟಕ್ಕೆ. ಬೇರೆ ತಿಂಗಳಲ್ಲಿ ಮುಟ್ಟುವಂತಿಲ್ಲ. ಅಮ್ಮ ಬೀಡಿಯ ನಡುವೆ ಬಿಡುವು ಮಾಡಿಕೊಂಡು ದಿನಾ ಮಧ್ಯಾಹ್ನ ಪಕ್ಕದ ಮನೆಯವರೊಡನೆ ಆಡುತ್ತಿದ್ದರು, ದಿನಾ ಗೆಲ್ಲುತ್ತಿದ್ದರು. ಆ ದಿನವೂ ಗೆದ್ದು ಮಣೆ ಸರಿಸಿದ್ದರಷ್ಟೇ. ಮಣೆ ಇದ್ದ ಜಾಗದಲ್ಲಿಯೇ ನಾನು ನನ್ನ ಕ್ಯಾಲೆಂಡರ್ ಹಾಳೆಯನ್ನು ಅಮ್ಮನಿಗೆ ನೇರ ಕಾಣುವಂತೆ ಹಾಸಿ ಎದುರು ಕುಳಿತೆ.

ನಮ್ಮ ಮನೆಯ ಮಾತು ತುಳು. ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ.

"ಅಮ್ಮ, ಇದನ್ನು ನೋಡಿ ಕತೆ ಹೇಳಬೇಕು. ನಾನು ಮಾತಾಡುವ ಹಾಗಿಲ್ಲ."

"ನೀನಾ?" ಎಂದರು ಅಮ್ಮ. ಎದ್ದು ಒಳಗೆ ಹೋಗಿ ಡಬ್ಬದಿಂದ ಒಂದು ಸಾಂತಣಿ ತಂದು ನನ್ನ ಕೈಯಲ್ಲಿಟ್ಟರು. "ಇದನ್ನು ಬಾಯಿಗೆ ಹಾಕಿಕೋ. ಇಲ್ಲದಿದ್ದರೆ ನಿನ್ನಿಂದ ಆಗುವ ಕೆಲಸ ಅಲ್ಲ ಇದು."

ಸಾಂತಣಿ ಎಂದರೆ ಹಲಸಿನ ಬೀಜ ಉಪ್ಪು ಹಾಕಿ ಬೇಯಿಸಿ, ಬೇಸಗೆಯ ಬಿಸಿಲಲ್ಲಿ ಒಣಗಿಸಿ ಮಳೆಗಾಲಕ್ಕೆ ತೆಗೆದಿಟ್ಟದ್ದು. ಅದಕ್ಕಿಂತ ಕಲ್ಲೇ ಮೆತ್ತಗೆ. ಬಾಯಲ್ಲಿಟ್ಟರೆ ನೆನೆಯಲಿಕ್ಕೇ ಹತ್ತು ನಿಮಿಷ ಬೇಕು. ಅವಸರ ಮಾಡಿದರೆ ಹಲ್ಲು ಕೈಗೆ ಬರುತ್ತದೆ. ದವಡೆಯ ಒಂದು ಬದಿಗೆ ಸೇರಿಸಿಕೊಂಡು ಕುಳಿತೆ.

ಅಮ್ಮ ತಡ್ಪೆಯನ್ನು ತೊಡೆಗೆ ಎಳೆದುಕೊಂಡು ಹಾಳೆಯನ್ನು ನೋಡಿದರು. ಬೆರಳನ್ನು ಇಟ್ಟರು. ಎಲ್ಲಿ? ತಮ್ಮ ಹತ್ತಿರದ ಸಾಲಿನ ಎಡತುದಿಯಲ್ಲಿ. ಮಾರಾಯ್ರೆ, ಅದು ಎಂಟನೇ ಚೌಕ! ಅರ್ಧ ಕತೆ ಮುಗಿದ ಜಾಗ! "ಉಂ! ಉಂ!" ಎಂದೆ. ಸಾಂತಣಿ ಗಂಟಲಿಗೆ ಜಾರಲು ಹೊರಟಿತು. "ಸುಮ್ಮನೆ ಕುಳಿತುಕೋ, ನನ್ನ ಸಾಲು ಇದು" ಎಂದರು ಅಮ್ಮ.

"ಯಾರದೋ ಮೂಗಿನ ಮೇಲೆ ಸೊಳ್ಳೆ ಕುಳಿತಿದೆ. ತುರಿಸುತ್ತಾನೆ. ಅಯ್ಯೋ ಪಾಪ, ಚಳಿಜ್ವರ. ಹೆಂಡತಿ ಹೆದರಿದ್ದಾಳೆ. ರಿಕ್ಷಾ ತರಿಸಿದ್ದಾಳೆ, ಬುದ್ಧಿ ಉಂಟು ಅವಳಿಗೆ. ಸೂಜಿ ಚುಚ್ಚಿದರು. ಈಗ ಕುಳಿತು ಯೋಚನೆ ಮಾಡುತ್ತಾನೆ, ಈ ಸೊಳ್ಳೆ ಎಲ್ಲಿಂದ ಬಂತು ಅಂತ."

ಹಾಗೆಂದು ನಾನು ಬರೆದಿರಲಿಲ್ಲ. ನಾನು ಬರೆದದ್ದು ಬರೀ ಪೆಚ್ಚುಮೋರೆ. ಆದರೆ ಅಮ್ಮನ ಬೆರಳು ನಿಲ್ಲದೆ ಮೇಲಿನ ಸಾಲಿನ ಬಲತುದಿಗೆ ಹತ್ತಿತ್ತು. ಅಲ್ಲಿಂದ ಎಡಕ್ಕೆ ತಿರುಗಿತು, ಚೆನ್ನೆಯ ಕಾಯಿ ಹಾಕಿದ ಹಾಗೆಯೇ.

"ಎಲ್ಲಿಂದ ಬಂತು? ಕಿಟಕಿಯಿಂದ ಬಂತು. ಕಿಟಕಿಗೆ ಎಲ್ಲಿಂದ? ಈ ನೀರಿನಿಂದ ಎದ್ದು ಬಂತು. ಅದಕ್ಕೆ ಮೊದಲು ಹುಳು ಇತ್ತು. ನೀರು ಹೇಗೆ ಬಂತು? ಮಳೆ. ಮಳೆಗೆ ಮೊದಲು ಮೋಡ. ನೀರು ನಿಂತದ್ದು ಬೊಂಡದಲ್ಲಿ. ಹಿತ್ತಿಲಿಗೆ ಬೊಂಡ ಎಸೆದದ್ದು ಯಾರು, ಅವನ ಕೈ ಕಡಿಯಬೇಕು! ಯಾರು ಅಂತ ನೋಡುವ…"

ಬೆರಳು ಕೊನೆಯ ಚೌಕಕ್ಕೆ, ಅಂದರೆ ನನ್ನ ಮೊದಲನೆಯದಕ್ಕೆ ಬಂತು. ಬೊಂಡ ಕುಡಿಯುತ್ತಾ ನಿಂತವನ ಮುಖದ ಮೇಲೆ ನಿಂತಿತು. ಅಮ್ಮ ಕೆಳಗಿನ ಸಾಲಿನ ಮಂಚವನ್ನು ನೋಡಿದರು, ಮತ್ತೆ ಮೇಲೆ ನೋಡಿದರು.

"ಅಯ್ಯಬ್ಬಾ! ಇದು ಅದೇ ಮೀಸೆ!"

ಆಮೇಲೆ ಅಮ್ಮ ನಕ್ಕರು. ನನ್ನ ಧಾರಾವಾಹಿಗಳಿಗೆ ಇಷ್ಟು ವರ್ಷ "ಹೂಂ, ಮತ್ತೆ?" ಎಂದಷ್ಟೇ ಹೇಳಿದ ಅಮ್ಮ, ತಡ್ಪೆಯ ಬೀಡಿಗಳೆಲ್ಲ ಜಗಲಿ ತುಂಬ ಚೆಲ್ಲುವ ಹಾಗೆ ನಕ್ಕರು. "ಅವನೇ ಎಸೆದದ್ದು, ಅವನಿಗೇ ಬಂತು. ಸರಿಯಾಗಿ ಆಗಬೇಕು ಅವನಿಗೆ!" ಎಂದು ಕಣ್ಣೊರೆಸಿಕೊಂಡರು. ನಾನು ಬೀಡಿ ಹೆಕ್ಕುತ್ತಾ ಹಾಳೆಯನ್ನೇ ನೋಡುತ್ತಿದ್ದೆ. ನನ್ನ ಸಾಲಿನಿಂದ ಓದಿದರೆ ಅದು ಆರೋಗ್ಯ ಇಲಾಖೆಯ ಭಿತ್ತಿಪತ್ರದಂತಿತ್ತು. ಅಮ್ಮನ ಸಾಲಿನಿಂದ ಓದಿದರೆ ಕತೆಯಾಗಿತ್ತು. ಹೊಟ್ಟೆಕಿಚ್ಚು ಎಂದರೆ ಏನೆಂದು ಆಗ ಗೊತ್ತಾಯಿತು, ಅದೂ ಹೆತ್ತ ತಾಯಿಯ ಮೇಲೆ.

ಮರುದಿನ ಕ್ಯಾಲೆಂಡರಿನ ಇನ್ನೊಂದು ಹಾಳೆ ಕಿತ್ತು, ಅಮ್ಮ ಓದಿದ ಕ್ರಮದಲ್ಲಿ ಹದಿನಾಲ್ಕನ್ನೂ ಹೊಸದಾಗಿ ಬರೆದೆ. ಹಿಮ್ಮುಖವಾದದ್ದು ಕಾಣುವಂತೆ ಸೊಳ್ಳೆ ಕಿಟಕಿಯಿಂದ ಹಿಂದಕ್ಕೆ ಹಾರಿತು, ಮಳೆ ನೆಲದಿಂದ ಮೋಡಕ್ಕೆ ಏರಿತು, ಬೊಂಡ ಹಿತ್ತಿಲಿನಿಂದ ಹಾರಿ ಕೈಗೆ ಬಂತು. ಈ ಸಲ ಸಂಖ್ಯೆಯನ್ನೂ ಹಾಕಿದೆ. ಮಣಿಪಾಲಕ್ಕೆ ಹೋಗಿ ಸರ್ ಮೇಜಿನ ಮೇಲಿಟ್ಟೆ.

ಸರ್ ಬಗ್ಗಿ ನೋಡಿದರು. ಒಂದೊಂದೇ ಚೌಕ ದಾಟುತ್ತಾ ಹೋದರು. ಹದಿನಾಲ್ಕಕ್ಕೆ ಬಂದಾಗ ನಗುವಿಗೆ ಭುಜ ಅಲುಗಿತು. ಅನಿತಾ ನೋಡಿ ಕೂಗಿಯೇಬಿಟ್ಟಳು, "ಮೀಸೆ! ಅದೇ ಮೀಸೆ ಅಲ್ವಾ!"

"ಓದಾಕ ಬರದವರಿಗೆ ತಿಳೀತೇನು?" ಎಂದರು ಸರ್.

"ತಿಳಿಯಿತು ಸರ್."

"ಭೇಷ್! ಹಿಂದಿನಿಂದ ಮುಂದಕ್ಕ ಹೇಳೋದು… ಇದು ನಿನ್ನ ತಲ್ಯಾಗ ಹೊಳದದ್ದೇನು?"

ನೋಡಿ, ಹುಟ್ಟಿದಾರಭ್ಯ ಬಾಯಿ ಮುಚ್ಚದ ನಾನು, ಚಪ್ಪಲಿಗೂ ಶೈಲಿಗೂ ಐದೈದು ನಿಮಿಷ ಮಾತಾಡಿದ ನಾನು, ಆ ಗಳಿಗೆಯಲ್ಲಿ ಒಂದು ಮಾತೂ ಆಡಲಿಲ್ಲ. ಬಾಯಲ್ಲಿ ಸಾಂತಣಿಯೂ ಇರಲಿಲ್ಲ. ಪಕ್ಕದ ಕೋಣೆಯಿಂದ ಕೀಲಿಮಣೆಯ ಟಕಟಕ ಕೇಳುತ್ತಿತ್ತು. ಸರ್ ನನ್ನ ಮೌನವನ್ನು ವಿನಯ ಎಂದುಕೊಂಡರು. ಬೆನ್ನು ತಟ್ಟಿದರು. ಆ ಬೋರ್ಡೇ ಚಿತ್ರವಾಗುವುದೆಂದು ತೀರ್ಮಾನವಾಯಿತು. ನನಗೆ ನೆಟ್ಟಗಿನ ಚೌಕ ಎಳೆದುಕೊಂಡು ಬರಲು ಹೇಳಿದರು. ತಗಡಿನ ಸಂಗತಿ ಅವರಿಗೆ ಗೊತ್ತಿರಲಿಲ್ಲವಲ್ಲ, "ನಿನ್ನ ಶೈಲಿ ಬಿಟ್ಟು" ಎಂದರು.

ಆಮೇಲಿನ ದಿನಗಳಲ್ಲಿ ಎಲ್ಲರೂ ಸೇರಿ ಚಿತ್ರ ಮಾಡಿದೆವು. ಅನಿತಾ ಮೀಸೆಯವನಿಗೆ ಮೀಸೆಯ ಆಚೆಗೂ ಒಂದು ಮುಖ ಕೊಟ್ಟಳು. ಕೆಲಸ ಮಾಡುವಾಗ ಖುಷಿಯೇ ಖುಷಿ. ಮನೆಗೆ ಬಂದು ಅಮ್ಮನ ಎದುರು ಕೂರುವಾಗ ಮಾತ್ರ ಚೆನ್ನೆಮಣೆ ಕಣ್ಣಿಗೆ ಬೀಳಬಾರದು ಎನ್ನಿಸುತ್ತಿತ್ತು. ಆಟಿ ಮುಗಿದು ಮಣೆ ಅಟ್ಟಕ್ಕೆ ಹೋದಾಗ ನನಗಾದ ನಿರಾಳ ಇನ್ನಂಜೆಯಲ್ಲಿ ಯಾರಿಗೂ ಆಗಿರಲಾರದು.

ಕೇಬಲ್ಲಿಗೆ ಕೊಡುವ ಮೊದಲು ಮಣಿಪಾಲದಲ್ಲಿ ಮನೆಯವರನ್ನೆಲ್ಲ ಕರೆದು ಚಿತ್ರ ತೋರಿಸುವುದೆಂದಾಯಿತು. ಅಮ್ಮ ಅರ್ಧ ದಿನ ಬೀಡಿ ಬಿಟ್ಟು, ನೀಲಿ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದರು. ಕೈಚೀಲದಲ್ಲಿ ಕೊಡೆ, ನೀರಿನ ಬಾಟಲಿ, ಬಸ್ಸಿನಲ್ಲಿ ಹೊತ್ತು ಹೋಗಲೆಂದು ಸಾಂತಣಿ. ಕತ್ತಲೆಯಾಯಿತು. ಮೂಗಿನ ಮೇಲೆ ಸೊಳ್ಳೆ ಕುಳಿತಿತು. ಮಳೆ ಮೋಡಕ್ಕೆ ಏರಿದಾಗ ಅಮ್ಮ ನನ್ನ ಕಡೆ ಬಾಗಿದರು.

"ನಾನು ಆ ದಿನ ಹೇಳಿದ ಹಾಗೆಯೇ ಉಂಟಲ್ಲ?"

"ಶ್" ಎಂದೆ.

ಬೊಂಡ ಮೀಸೆಯವನ ಕೈಗೆ ಹಾರಿ ಬಂದಾಗ ಕೋಣೆಯಿಡೀ ಗೊಳ್ಳೆಂದಿತು. ದೀಪ ಹತ್ತಿತು. ಸರ್ ಸೀದಾ ನಮ್ಮ ಕಡೆ ಬಂದು ಕೈ ಮುಗಿದರು.

"ಅಕ್ಕಾರ, ನಿಮ್ಮ ಮಗಳದು ಭಾರಿ ತಲಿ ಬಿಡ್ರಿ. ಸಾದಾ ಕತೀನ ಹಿಂದಿನಿಂದ ಮುಂದಕ್ಕ ಹೇಳ್ಯಾಳ ನೋಡ್ರಿ, ಅದು ಆಕೀದ ವಿಚಾರ. ಎಲ್ಲಿ ಕಲಿಸಿದ್ರಿ ಇದನ್ನ?"

ಅಮ್ಮ ನನ್ನ ಮುಖ ನೋಡಿದರು. ಕೋಪದಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಇದೇಕೆ ಇವರು ಹೀಗೆ ಹೇಳುತ್ತಿದ್ದಾರೆ ಎಂದು ಕೇಳುವ ಹಾಗೆ ನೋಡಿದರು. ಒಂದು ಕ್ಷಣ. ಆಮೇಲೆ ಕೈಚೀಲಕ್ಕೆ ಕೈ ಹಾಕಿ ಒಂದು ಸಾಂತಣಿ ತೆಗೆದು ಬಾಯಿಗೆ ಹಾಕಿಕೊಂಡು, ದವಡೆಯ ಬದಿಗೆ ಸೇರಿಸಿ, ಸರ್ ಕಡೆ ತಿರುಗಿ ಸುಮ್ಮನೆ ನಕ್ಕರು.

ಖಾಲಿ ಕುರ್ಚಿಯ ಜಾಗ, ಡೈರಿಯವರ ಮಗಳ ಮದುವೆ ಕಾಗದ, ಎಲ್ಲ ಕಣ್ಣ ಮುಂದೆ ಬಂದವು. ಅಮ್ಮನ ದವಡೆ ಮೆಲ್ಲಗೆ ಆಡುತ್ತಿತ್ತು.

"ಅದು ನನ್ನದಲ್ಲ ಸರ್" ಎಂದೆ. ಒಮ್ಮೆ ಬಾಯಿ ತೆರೆದ ಮೇಲೆ ನನ್ನದು ನಿಮಗೆ ಗೊತ್ತಲ್ಲ. ಅಮ್ಮನ ಬೆರಳು, ಚೆನ್ನೆಯ ಸಾಲು, ಮರೆತುಹೋದ ಸಂಖ್ಯೆ, ಎಲ್ಲ ಹೇಳಿದೆ. ಯಾರೂ ಕೇಳದಿದ್ದರೂ ಶೈಲಿಯೆಂದರೆ ಬೀಡಿಯ ತಗಡು ಎಂಬುದನ್ನೂ ಹೇಳಿದೆ. ಅನಿತಾ, ಅವಳ ಅಪ್ಪ ಅಮ್ಮ, ದೆಹಲಿಯವರು, ಕೊಚ್ಚಿಯವರು ಎಲ್ಲ ಕೇಳಿದರು. ಕೇಳಲಿ.

"ಅಳ್ಳಗುಳಿ ಮಣಿ" ಎಂದರು ಸರ್, ತಮ್ಮಷ್ಟಕ್ಕೆ. ನಮ್ಮ ಚೆನ್ನೆಮಣೆಗೆ ಅವರ ಕಡೆಯ ಹೆಸರು ಅದು. "ನಮ್ಮ ಅವ್ವನೂ ಆಡ್ತಿದ್ದಳು." ಮತ್ತೆ ನನ್ನ ಕಡೆ ತಿರುಗಿದಾಗ ಮುಖ ಬಿಗಿದಿತ್ತು. "ಸೋಮವಾರದಿಂದ ಡಿಟಿಪಿ."

"ಆಯಿತು ಸರ್."

"ಒಂದು ವಾರ. ಅಮ್ಮನ ಹೆಸರು ಚಂದ ಮಾಡಿ ಟೈಪ್ ಮಾಡೋದು ಕಲಕೊಂಡು ಬಾ. ಚಿತ್ರದ ಕೊನಿಗೆ ಹಾಕೋಣ. ಅದು ಆದಮ್ಯಾಲ ನಿನ್ನ ಕುರ್ಚಿ ಇಲ್ಲೇ ತಂದು ಹಾಕ್ಕೋ. ಯಾವ ಕಡೆಯಿಂದ ಓದಿದರೂ ತಿಳಿಯೋಹಂಗ ಬರದಾಕಿ ನೀನ ಅಲ್ಲೇನು?"

ಒಂದು ವಾರ ಆ ಹತ್ತು ಮಂದಿಯ ನಡುವೆ ಹನ್ನೊಂದನೆಯವಳಾಗಿ ಕುಳಿತೆ. ಅಕ್ಷರಗಳ ನಡುವೆ ಎಷ್ಟು ಜಾಗ ಬಿಡಬೇಕೆಂದು ಅಲ್ಲೇ ಕಲಿತದ್ದು, ಇಂದಿಗೂ ಉಪಯೋಗಕ್ಕೆ ಬರುತ್ತದೆ. ಆ ಮಳೆಗಾಲ ಮುಗಿಯುವವರೆಗೂ ಕೇಬಲ್ಲಿನಲ್ಲಿ ಆ ಚಿತ್ರ ದಿನಕ್ಕೆರಡು ಸಲ ಬರುತ್ತಿತ್ತು. ಕೊನೆಯಲ್ಲಿ ಒಂದು ಸಾಲು: 'ಕತೆ ಓದಿದವರು: ಗಿರಿಜಾ, ಇನ್ನಂಜೆ.' ಅಮ್ಮ ಪಕ್ಕದ ಮನೆಯ ಟೀವಿಯ ಎದುರು ಕುಳಿತು ಆ ಸಾಲಿನ ಮೇಲೆ ಬೆರಳಿಟ್ಟು, ಗಿ ಇದು, ರಿ ಇದು ಎಂದು ಕೇಳಿಕೇಳಿ ತಿಳಿದುಕೊಂಡರು. ಅಷ್ಟರಲ್ಲಿ ಅದು ಮಾಯವಾಗುತ್ತಿತ್ತು. ನಾಳೆ ಜಾ ನೋಡುವ ಎಂದು ಎದ್ದು ಬರುತ್ತಿದ್ದರು.

ಆದರೆ ಅದು ಆಮೇಲಿನ ಮಾತು. ಆ ದಿನ ಮಣಿಪಾಲದಿಂದ ಹಿಂದಿರುಗುವಾಗ ನಾವಿಬ್ಬರೂ ಉಡುಪಿಯವರೆಗೆ ನಿಂತೇ ಬಂದೆವು. ಇನ್ನಂಜೆಯ ಬಸ್ಸಿನಲ್ಲಿ ಸೀಟು ಸಿಕ್ಕಿತು. ನನಗೆ ತಡೆಯಲಾಗಲಿಲ್ಲ.

"ಅಮ್ಮ, ನನ್ನ ಮಾನ ಹೋಗಬಾರದು ಅಂತ ನೀವು ಬಾಯಿ ಮುಚ್ಚಿಕೊಂಡದ್ದು ಅಲ್ವಾ?"

ಅಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದರು. "ಮಾನವಾ? ಒಂದೇ ಸಾಂತಣಿ ಹಾಕಿಕೊಂಡದ್ದು ಮಗಾ" ಎಂದರು. "ನೀನು ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದಿದ್ದರೆ ಅಗಿದು ಮುಗಿಯುತ್ತಿತ್ತು. ಆಮೇಲೆ ನನಗೂ ಬಾಯಿ ಉಂಟಲ್ಲ."